ಮರಳಿ ಬರುವ ವಸ್ತ್ರ

ಉಡುಗೊರೆಯನ್ನು ಸುತ್ತಿ ಕೊಡುವ ಕ್ರಮ ಅನೇಕ ದೇಶಗಳಲ್ಲಿ ಉಂಟು. ಕೊಡುವ ವಸ್ತುವಿನ ಮೇಲಿನ ಆದರವೂ ಪಡೆಯುವವರ ಮೇಲಿನ ಗೌರವವೂ ಆ ಹೊದಿಕೆಯಲ್ಲಿ ವ್ಯಕ್ತವಾಗುತ್ತವೆ. ಆದರೆ ಉಡುಗೊರೆ ಕೈಸೇರಿದ ಮೇಲೆ ಹೊದಿಕೆಯ ಗತಿಯೇನು? ಈ ಪ್ರಶ್ನೆಗೆ ಎಲ್ಲ ಸಮಾಜಗಳೂ ಒಂದೇ ಉತ್ತರವನ್ನು ಕೊಟ್ಟಿಲ್ಲ. ಜಪಾನ್ ದೇಶದ 'ಫುರೋಷಿಕಿ' ಎಂಬ ಚೌಕಾಕಾರದ ವಸ್ತ್ರದ ಚರಿತ್ರೆ ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ನಾರಾ ನಗರದ ತೋದೈಜಿ ಬೌದ್ಧಾಲಯದ ಆವರಣದಲ್ಲಿರುವ ಷೋಸೋಇನ್ ಭಂಡಾರದಲ್ಲಿ 8ನೆಯ ಶತಮಾನದ ಅಮೂಲ್ಯ ವಸ್ತುಗಳ ಜೊತೆಗೆ ಅವುಗಳನ್ನು ಸುತ್ತಿಡುತ್ತಿದ್ದ ವಸ್ತ್ರಗಳೂ ಉಳಿದುಬಂದಿವೆ. ಫುರೋಷಿಕಿ ಎಂಬ ಹೆಸರು ಅನಂತರದ ಕಾಲದ್ದು. 'ಫುರೋ' ಎಂದರೆ ಸ್ನಾನ. 'ಷಿಕಿ' ಎಂದರೆ ಹಾಸುವುದು. ಎಡೋ ಕಾಲದಲ್ಲಿ (1603–1868) ಸಾರ್ವಜನಿಕ ಸ್ನಾನಗೃಹಕ್ಕೆ ಹೋಗುವವರು ತಮ್ಮ ಉಡುಪನ್ನು ಇದರಲ್ಲಿ ಗಂಟುಕಟ್ಟಿ ಒಯ್ಯುತ್ತಿದ್ದರು. ವರ್ತಕರು ಅಂಗಡಿಯ ಮುದ್ರೆಯನ್ನು ಬಟ್ಟೆಯ ಮೇಲೆ ಬಣ್ಣದಲ್ಲಿ ಹಾಕಿಸಿ, ಸರಕನ್ನು ಅದರಲ್ಲಿಯೇ ಕಟ್ಟಿ ಬೀದಿ ಬೀದಿಗೆ ಹೊತ್ತರು. ಒಂದೇ ಬಟ್ಟೆ ಚೀಲವಾಯಿತು, ಹಾಸಾಯಿತು, ಅಂಗಡಿಯ ಫಲಕವೂ ಆಯಿತು.

ಉಡುಗೊರೆಯನ್ನು ಒಪ್ಪಿಸುವಾಗ ಒಂದು ವಿಶೇಷ ಮರ್ಯಾದೆಯಿದೆ. ತಂದವರು ತಾವೇ ಗಂಟನ್ನು ಬಿಚ್ಚಿ, ವಸ್ತುವನ್ನು ಮನೆಯವರ ಮುಂದಿಟ್ಟು, ವಸ್ತ್ರವನ್ನು ಮಡಿಚಿ ಹಿಂದಕ್ಕೆ ಒಯ್ಯುವುದು ಸಂಪ್ರದಾಯ. ಎಡೋ ಕಾಲದಲ್ಲಿ ಉಡುಗೊರೆಯ ಮೇಲೆ ಹೊದಿಸುತ್ತಿದ್ದ 'ಫುಕುಸಾ' ಎಂಬ ಕಸೂತಿಯ ರೇಷ್ಮೆ ವಸ್ತ್ರವನ್ನೂ ಪಡೆದವರು ನೋಡಿ ಮೆಚ್ಚಿ ಕೊಟ್ಟವರಿಗೇ ಹಿಂತಿರುಗಿಸುತ್ತಿದ್ದರು. ದಾನವಾಗುತ್ತಿದ್ದುದು ವಸ್ತು ಮಾತ್ರ. ಹೊದಿಕೆ ಮತ್ತೊಂದು ದಿನದ ಕೆಲಸಕ್ಕೆ ಉಳಿಯುತ್ತಿತ್ತು.

ಅಮೆರಿಕದಲ್ಲಿ ವ್ಯಾಪಾರವು ಬೇರೊಂದು ದಾರಿ ಹಿಡಿಯಿತು. 1917ರ ಕ್ರಿಸ್‌ಮಸ್ ಸಮಯದಲ್ಲಿ ಕ್ಯಾನ್ಸಸ್ ಸಿಟಿಯ ಹಾಲ್ ಸಹೋದರರ ಅಂಗಡಿಯಲ್ಲಿ, ಉಡುಗೊರೆ ಸುತ್ತುವ ತೆಳು ಕಾಗದ ಮುಗಿದುಹೋಯಿತು. ಅವರು ಲಕೋಟೆಯ ಒಳಭಾಗಕ್ಕೆ ಅಂಟಿಸಲೆಂದು ಫ್ರಾನ್ಸ್‌ನಿಂದ ತರಿಸಿದ್ದ ಅಲಂಕಾರದ ಕಾಗದವನ್ನು ಹಾಳೆಗೆ 10 ಸೆಂಟ್‌ಗಳಂತೆ ಮಾರಿದರು. ಅದೆಲ್ಲವೂ ಖರ್ಚಾಯಿತು. ಅವರ ಸಂಸ್ಥೆ ಮುಂದೆ ಹಾಲ್‌ಮಾರ್ಕ್ ಎಂದು ಪ್ರಸಿದ್ಧವಾಯಿತು. ಕೊರತೆಯನ್ನು ಲಾಭವಾಗಿಸಿದ ವ್ಯಾಪಾರಚಾತುರ್ಯ ಮೆಚ್ಚತಕ್ಕದ್ದೇ. ಆದರೆ ಆ ಸರಕು ಕ್ಷಣಮಾತ್ರದ ಸಂತೋಷಕ್ಕೆ ಹುಟ್ಟಿ, ಬಿಚ್ಚಿದೊಡನೆ ಕಸವಾಗುವಂಥದು. ಕೊಂಡದ್ದು ಬೇಗ ನಾಶವಾದಷ್ಟೂ ಮಾರಾಟ ಹೆಚ್ಚುವ ಲೆಕ್ಕಾಚಾರ ಅದರಲ್ಲಿ ಅಡಗಿದೆ.

ಎರಡನೆಯ ಮಹಾಯುದ್ಧದ ಬಳಿಕ ಜಪಾನಿನಲ್ಲಿಯೂ ಕಾಗದ ಮತ್ತು ಪ್ಲಾಸ್ಟಿಕ್ ಚೀಲಗಳು ಹರಡಿ ಫುರೋಷಿಕಿ ಹಿಂದೆ ಸರಿಯಿತು. 2006ರಲ್ಲಿ ಅಂದಿನ ಪರಿಸರ ಸಚಿವೆ ಯೂರಿಕೊ ಕೊಯಿಕೆ ಅವರು ಹಳೆಯ ಪ್ಲಾಸ್ಟಿಕ್ ಬಾಟಲಿಗಳ ನೂಲಿನಿಂದ ಮಾಡಿದ ಫುರೋಷಿಕಿಯನ್ನು ಪ್ರಚಾರಕ್ಕೆ ತಂದರು. ಅದಕ್ಕೆ 'ಮೊತ್ತೈನೈ' ಎಂಬ ಹೆಸರನ್ನು ಜೋಡಿಸಿದರು. ಉಪಯೋಗವಿರುವುದನ್ನು ವ್ಯರ್ಥಮಾಡಿದಾಗ ಉಂಟಾಗುವ ವಿಷಾದವನ್ನು ಆ ಪದ ಸೂಚಿಸುತ್ತದೆ.

ಬಟ್ಟೆಯಾದ ಮಾತ್ರಕ್ಕೆ ದೋಷವಿಲ್ಲವೆಂದು ತಿಳಿಯಲಾಗದು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ಹವಾಮಾನದ ಮೇಲಿನ ಪರಿಣಾಮದಲ್ಲಿ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಆ ಲೆಕ್ಕ ಚೀಲಕ್ಕೆ ಸಂಬಂಧಿಸಿದ್ದಾದರೂ ಅದರ ನೀತಿ ಹೊದಿಕೆಗೂ ಅನ್ವಯಿಸುತ್ತದೆ. ಹಬ್ಬಹಬ್ಬಕ್ಕೂ ಹೊಸ ವಸ್ತ್ರವನ್ನು ಕೊಂಡು, ಅದರಲ್ಲಿ ಉಡುಗೊರೆ ಸುತ್ತಿ, ಪಡೆದವರ ಕಪಾಟಿನಲ್ಲಿ ಅದು ಮೂಲೆಗೆ ಬಿದ್ದರೆ ಕಸದ ಬದಲು ಸಂಗ್ರಹ ಬೆಳೆಯಿತೇ ಹೊರತು ಮಿತವ್ಯಯವಾಗಲಿಲ್ಲ.

ಮನೆಯಲ್ಲಿರುವ ಹಳೆಯ ಸೀರೆಯ ತುಂಡು, ನಾಲ್ಕು ಮೂಲೆ, ಒಂದು ಗಂಟು ಇಷ್ಟೇ ಈ ಕಾರ್ಯಕ್ಕೆ ಸಾಕು. ಕೊಟ್ಟವರು ಅದನ್ನು ಮರಳಿ ಒಯ್ಯಲು ಸಂಕೋಚಪಡಬಾರದು. ಪಡೆದವರು ಅದನ್ನು ಲೋಭವೆಂದು ಎಣಿಸಬಾರದು. ಎಡೋ ಕಾಲದ ಜನರಿಗೆ ಆ ಮರಳಿಕೆಯಲ್ಲಿ ಅವಮಾನ ಕಾಣಲಿಲ್ಲ, ಮರ್ಯಾದೆಯೇ ಕಂಡಿತು.