ಮರದ ಹೆಂಚಿನ ದೀರ್ಘಾಯುಷ್ಯ

ಮರಕ್ಕೂ ಮಳೆಗೂ ಆಗಿಬರುವುದಿಲ್ಲ. ಅಂಗಳದಲ್ಲಿ ಬಿಟ್ಟ ದಿಮ್ಮಿ ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಗೆದ್ದಲಿಗೋ ಅಣಬೆಗೋ ಆಹಾರವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗಿರುವಾಗ ಕಂಬ, ಗೋಡೆಗಳಷ್ಟೇ ಅಲ್ಲ, ಮಳೆ ಹಿಮಗಳನ್ನು ನೇರವಾಗಿ ತಲೆಯ ಮೇಲೆ ಹೊರುವ ಚಾವಣಿಯನ್ನೂ ಮರದಿಂದಲೇ ಮಾಡಿದ ಕಟ್ಟಡವೊಂದು 800 ವರ್ಷ ದಾಟಿ ನಿಂತಿದೆ ಎಂದರೆ ನಂಬುವುದು ಕಷ್ಟ.

ಆದರೆ ಅದು ನಿಜ. ಯುರೋಪಿನ ಉತ್ತರ ತುದಿಯಲ್ಲಿರುವ ನಾರ್ವೆಯಲ್ಲಿ ಮಧ್ಯಯುಗದ 28 ಮರದ ಚರ್ಚುಗಳು ಇಂದಿಗೂ ಉಳಿದಿವೆ. ನೆಟ್ಟಗೆ ನಿಲ್ಲಿಸಿದ ಕಂಬ, ಹಲಗೆಗಳ ಮೇಲೆ ಕಟ್ಟಿದ್ದರಿಂದ ಇವುಗಳಿಗೆ ‘ಸ್ಟೇವ್ ಚರ್ಚ್’ ಎಂದು ಹೆಸರು. ಇವುಗಳ ಪೈಕಿ ಪ್ರಸಿದ್ಧವಾದದ್ದು ಲಾರ್ಡಾಲ್ ಕಣಿವೆಯ ಬೋರ್ಗುಂಡ್ ಚರ್ಚು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಕಾಲ ನಿರ್ಣಯಿಸುವ ವಿಧಾನದಿಂದ, ಇದಕ್ಕೆ ಬಳಸಿದ ಪೈನ್ ಮರಗಳನ್ನು ಕಡಿದದ್ದು 1180-81ರ ಚಳಿಗಾಲದಲ್ಲಿ ಎಂದು ತಿಳಿದುಬಂದಿದೆ. ಒಂದರ ಮೇಲೊಂದು ಏರುವ ಕಡಿದಾದ ಚಾವಣಿ, ತುದಿಯಲ್ಲಿ ಬಾಯ್ದೆರೆದ ಡ್ರ್ಯಾಗನ್ ತಲೆ, ಮೈತುಂಬ ಮೀನಿನ ಹುರುಪೆಯಂತೆ ಜೋಡಿಸಿದ ಮರದ ಹೆಂಚು ಇದರ ವಿಶೇಷ.

ಹಾಗಾದರೆ ಆ ಹೆಂಚುಗಳಿಗೂ 800 ವರ್ಷವೇ? ಇಲ್ಲ. ಹಾಳಾದ ಹೆಂಚನ್ನು ತೆಗೆದು ಹೊಸದನ್ನು ಹಾಕುವ ಕೆಲಸ ಶತಮಾನಗಳಿಂದ ನಡೆದುಬಂದಿದೆ. ಒಳಗಿನ ಕಂಬ ತೊಲೆಗಳು ಹಳೆಯವು. ಹೊರಗಿನ ಹೊದಿಕೆ ಕಾಲಕಾಲಕ್ಕೆ ಬದಲಾದದ್ದು. ಚಾವಣಿ ಕಂತು ಕಂತಾಗಿ ಸವೆದದ್ದರಿಂದಲೇ ಕಟ್ಟಡ ಉಳಿಯಿತು. ಮಲೆನಾಡಿನ ಸೋಗೆ ಮನೆಗಳ ಬಗ್ಗೆ ತಿಳಿದವರಿಗೆ ಇದು ಹೊಸ ಮಾತಲ್ಲ. ಅಲ್ಲಿ ಮಳೆಗಾಲಕ್ಕೆ ಮುನ್ನ ಹಳೆಯ ಅಡಿಕೆ ಸೋಗೆ ಇಳಿಸಿ ಹೊಸದನ್ನು ಹೊದಿಸುತ್ತಿದ್ದರು. ಸೋಗೆಯ ಆಯುಷ್ಯ ಚಿಕ್ಕದು, ಮನೆಯ ಆಯುಷ್ಯ ದೊಡ್ಡದು.

ಸೀಳಿದ್ದೇ ಲೇಸು

ಮರದ ಹೆಂಚಿನ ಬಾಳಿಕೆ ಅದನ್ನು ತಯಾರಿಸುವ ರೀತಿಯಿಂದಲೇ ಆರಂಭವಾಗುತ್ತದೆ. ಗರಗಸದಿಂದ ಕೊಯ್ದ ಹಲಗೆಯಲ್ಲಿ ಮರದ ನಾರು ಅಲ್ಲಲ್ಲಿ ಅಡ್ಡಡ್ಡ ತುಂಡಾಗಿರುತ್ತದೆ. ತುಂಡಾದ ನಾರಿನ ಬಾಯಿಂದ ನೀರು ಒಳಗೆ ಇಳಿಯುತ್ತದೆ. ಕೊಡಲಿಯಿಂದ ನಾರಿನ ಗುಂಟ ಸೀಳಿದರೆ ನಾರು ತುಂಡಾಗದೆ ಉದ್ದಕ್ಕೆ ಉಳಿಯುತ್ತದೆ. ನೀರು ಅದರ ಮೇಲೆ ಜಾರಿ ಹೋಗುತ್ತದೆ. ಹೀಗೆ ಸೀಳಿ ಮಾಡಿದ ಹೆಂಚಿಗೆ ಇಂಗ್ಲಿಷಿನಲ್ಲಿ ‘ಶೇಕ್’ ಎನ್ನುತ್ತಾರೆ.

ಮರದ ಆಯ್ಕೆಯೂ ಅಷ್ಟೇ ಮುಖ್ಯ. ಚಳಿ ಪ್ರದೇಶದಲ್ಲಿ ನಿಧಾನವಾಗಿ ಬೆಳೆದ, ಚೇಗು ಹೆಚ್ಚಿರುವ ಪೈನ್ ಬೇಕು. ಚೇಗಿನಲ್ಲಿ ರಾಳದ ಅಂಶ ಇರುವುದರಿಂದ ಅದು ಬೇಗ ಕೊಳೆಯದು. ಇನ್ನು ಹೆಂಚುಗಳನ್ನು ಜೋಡಿಸುವಾಗ ಕೆಳಸಾಲಿನ ಸಂದನ್ನು ಮೇಲಿನ ಸಾಲು ಮುಚ್ಚಬೇಕು, ಇಳಿಜಾರು ಕಡಿದಾಗಿರಬೇಕು. ನೆನೆಯುವುದರಿಂದಲೇ ಮರ ಹಾಳಾಗುವುದಿಲ್ಲ. ನೆನೆದದ್ದು ಒಣಗದಿದ್ದರೆ ಹಾಳಾಗುತ್ತದೆ. ಮರದ ಚಾವಣಿಯ ಶಾಸ್ತ್ರವೆಲ್ಲ ಈ ಒಂದು ಸೂತ್ರದಲ್ಲಿ ಅಡಗಿದೆ.

ಬೇರಿನಿಂದ ಬಂದ ಲೇಪ

ಇಷ್ಟಾದರೂ ಬರಿಮೈಯ ಹೆಂಚು ಬಿಸಿಲು ಹಿಮಗಳನ್ನು ಬಹುಕಾಲ ತಾಳದು. ಅದಕ್ಕಾಗಿ ನಾರ್ವೆಯ ಜನ ಕಂಡುಕೊಂಡ ಉಪಾಯ ಪೈನ್ ಮರದ ಟಾರು. ಇದು ರಸ್ತೆಗೆ ಹಾಕುವ ಡಾಂಬರು ಅಲ್ಲ; ಮರದಿಂದಲೇ ಇಳಿಸಿದ ಕಂದು ಬಣ್ಣದ ಮಂದ ದ್ರವ. ಸಮುದ್ರಯಾನಕ್ಕೆ ಹೆಸರಾದ ವೈಕಿಂಗರು ತಮ್ಮ ಹಡಗುಗಳಿಗೂ ಇದನ್ನೇ ಬಳಿಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದನ್ನು ಇದಕ್ಕೆ ಹೋಲಿಸಬಹುದು.

ಟಾರು ಇಳಿಸುವುದು ತಾಳ್ಮೆಯ ಕೆಲಸ. ಮರ ಕಡಿದ ಮೇಲೆ ಬುಡವನ್ನು ವರ್ಷಗಟ್ಟಲೆ ನೆಲದಲ್ಲೇ ಬಿಡುತ್ತಾರೆ. ಹೊರಗಿನ ಮೆದು ಭಾಗ ಕೊಳೆತು ರಾಳ ತುಂಬಿದ ಗಟ್ಟಿ ಭಾಗವಷ್ಟೇ ಉಳಿಯುತ್ತದೆ. ಅದನ್ನು ಬೇರು ಸಹಿತ ಕಿತ್ತು, ಸೀಳಿ, ಆಲಿಕೆಯಾಕಾರದ ಗುಂಡಿಯಲ್ಲಿ ಒಟ್ಟಿ, ಮೇಲೆ ಹುಲ್ಲುಹೆಂಟೆ ಮುಚ್ಚಿ ಬೆಂಕಿ ಕೊಡುತ್ತಾರೆ. ಗಾಳಿ ಹೆಚ್ಚಾದರೆ ಎಲ್ಲವೂ ಉರಿದು ಬೂದಿಯಾಗುತ್ತದೆ. ಗಾಳಿಯನ್ನು ಹದವಾಗಿ ತಡೆದರೆ ಮರ ಒಳಗೊಳಗೇ ಬೆಂದು, ಟಾರು ಗುಂಡಿಯ ತಳದ ಕೊಳವೆಯಿಂದ ಹೊರಗೆ ಹರಿಯುತ್ತದೆ.

ಬಳಿಯುವುದಕ್ಕೂ ಕ್ರಮವಿದೆ. ಬೇಸಿಗೆಯ ಒಣ ದಿನಗಳಲ್ಲಿ ಚಾವಣಿಯ ಕಸ, ಪಾಚಿಗಳನ್ನು ತೆಗೆದು, ಹಗ್ಗ ಏಣಿಗಳ ನೆರವಿನಿಂದ ಏರಿ, ಬಿಸಿ ಮಾಡಿದ ಟಾರನ್ನು ಕುಂಚದಿಂದ ಹಚ್ಚಬೇಕು. ಒದ್ದೆ ಮರ ಟಾರನ್ನು ಹೀರುವುದಿಲ್ಲ. ಚಾವಣಿಯ ಎಲ್ಲ ಪಾರ್ಶ್ವಗಳೂ ಒಂದೇ ರೀತಿ ಸವೆಯುವುದೂ ಇಲ್ಲ. ದಕ್ಷಿಣದ ಬಿಸಿಲಿಗೆ ಟಾರು ಕರಗಿ ಇಳಿದುಹೋಗುತ್ತದೆ. ಉತ್ತರದ ನೆರಳಿನಲ್ಲಿ ಪಾಚಿ ಕಟ್ಟುತ್ತದೆ. ಹೀಗಾಗಿ ಬಿಸಿಲಿನ ಕಡೆಗೆ ಕೆಲವೇ ವರ್ಷಗಳಿಗೊಮ್ಮೆ ಮತ್ತೆ ಲೇಪ ಬೇಕು. ಒಮ್ಮೆ ಬಳಿದು ನಿಶ್ಚಿಂತರಾಗುವಂತಿಲ್ಲ.

ಕೈಬಿಟ್ಟ ಕಾಲ

ಒಂದು ಕಾಲಕ್ಕೆ ನಾರ್ವೆಯಲ್ಲಿ ಇಂಥ ಚರ್ಚುಗಳು ಸಾವಿರಕ್ಕೂ ಹೆಚ್ಚಿದ್ದವು ಎಂದು ಅಂದಾಜಿದೆ. ಉಳಿದವು 28 ಮಾತ್ರ. ಮಿಕ್ಕವು ಏನಾದವು? 1349ರಲ್ಲಿ ಬಂದೆರಗಿದ ಪ್ಲೇಗು ಜನಸಂಖ್ಯೆಯ ದೊಡ್ಡ ಪಾಲನ್ನು ಬಲಿ ತೆಗೆದುಕೊಂಡಿತು. ಊರು ಖಾಲಿಯಾದಲ್ಲಿ ಚರ್ಚಿನ ಚಾವಣಿ ಏರುವವರೂ ಇಲ್ಲವಾದರು. ಮುಂದೆ 1851ರಲ್ಲಿ ಬಂದ ಕಾನೂನು, ಚರ್ಚುಗಳಲ್ಲಿ ಊರಿನ ಹತ್ತರಲ್ಲಿ ಮೂರು ಪಾಲು ಜನರಿಗಾದರೂ ಸ್ಥಳವಿರಬೇಕೆಂದು ವಿಧಿಸಿತು. ಇಕ್ಕಟ್ಟಾದ ಹಳೆಯ ಚರ್ಚುಗಳನ್ನು ಕೆಡವಿ ದೊಡ್ಡವನ್ನು ಕಟ್ಟುವ ಕೆಲಸಕ್ಕೆ ಇದರಿಂದ ವೇಗ ಬಂತು.

ಬೋರ್ಗುಂಡಿನಲ್ಲೂ 1868ರಲ್ಲಿ ಪಕ್ಕದಲ್ಲೇ ಹೊಸ ಚರ್ಚು ಎದ್ದಿತು. ಹಳೆಯದು ಉಳಿದದ್ದು, ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1844ರಲ್ಲಿ ಹುಟ್ಟಿದ ಸಂಘವೊಂದು 1877ರಲ್ಲಿ ಅದನ್ನು ಕೊಂಡುಕೊಂಡದ್ದರಿಂದ.

ನೀರಿನಿಂದ ಕಾಯುವ ಟಾರು ಬೆಂಕಿಯಿಂದ ಕಾಯದು ಎಂಬ ಕಟು ಸತ್ಯವೂ ಇದೆ. ಬರ್ಗನ್ ನಗರದ ಬಳಿಯ ಫ್ಯಾಂಟಾಫ್ಟ್ ಚರ್ಚಿಗೆ 1992ರ ಜೂನ್ 6ರಂದು ಕಿಡಿಗೇಡಿಗಳು ಬೆಂಕಿ ಇಟ್ಟರು. ಶತಮಾನಗಳ ಮಳೆ ಹಿಮಗಳನ್ನು ಗೆದ್ದ ಕಟ್ಟಡ ಸುಟ್ಟುಹೋಯಿತು. 1997ರಲ್ಲಿ ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದರು. ಹಾಗೆ ಕಟ್ಟಬೇಕಾದರೆ ಕಟ್ಟುವ ವಿದ್ಯೆ ಬಲ್ಲ ಕೈಗಳು ಬೇಕು.

ಆ ಕೈಗಳನ್ನು ಉಳಿಸಿಕೊಳ್ಳುವುದೇ ಇಂದಿನ ಪ್ರಶ್ನೆ. ನಾರ್ವೆ ಸರ್ಕಾರದ ಪರಂಪರೆ ಇಲಾಖೆ 2001ರಿಂದ 2015ರವರೆಗೆ ಸ್ಟೇವ್ ಚರ್ಚುಗಳ ದುರಸ್ತಿಗೆ ವಿಶೇಷ ಕಾರ್ಯಕ್ರಮ ನಡೆಸಿತು. ಇದೇ ಅವಧಿಯಲ್ಲಿ, 2003ರಲ್ಲಿ, ಸಂಶೋಧಕಿ ಇಂಗರ್ ಮಾರೀ ಎಗೆನ್‌ಬರ್ಗ್ ಈ ಚರ್ಚುಗಳ ಟಾರು ಲೇಪದ ಮೇಲೆಯೇ ಡಾಕ್ಟರೇಟ್ ಪ್ರಬಂಧ ಬರೆದರು. ಗುಂಡಿಯಿಂದ ಟಾರು ಇಳಿಯುವುದು, ಅದನ್ನು ಬಳಿಯುವುದು, ಬಿಸಿಲು ಮಳೆಗೆ ಅದು ಸವೆಯುವುದು ಎಲ್ಲವೂ ಅವರ ಅಧ್ಯಯನದ ವಸ್ತು. ಹಿಂದೆ ಹಳ್ಳಿಗರು ಅನುಭವದಿಂದ ತಿಳಿದಿದ್ದನ್ನು ಈಗ ಪ್ರಯೋಗಾಲಯದಲ್ಲಿ ಕೇಳಿ ತಿಳಿಯಬೇಕಾಗಿದೆ.

ನಿತ್ಯದ ಮದ್ದು

ಅಮೆರಿಕ, ಕೆನಡಾಗಳಲ್ಲಿ ಸೀಡರ್ ಮರದ ಹೆಂಚು ಹೊದಿಸಿದ ಮನೆಗಳಿವೆ. ಅಲ್ಲಿಯೂ ಆರೈಕೆಯ ತತ್ವ ಇದೇ. ಸಂದುಗಳಲ್ಲಿ ಸಿಕ್ಕಿದ ತರಗೆಲೆಯನ್ನು ಗುಡಿಸಬೇಕು, ಮೇಲೆ ಚಾಚಿದ ಕೊಂಬೆಯನ್ನು ಕತ್ತರಿಸಿ ಗಾಳಿ ಬೆಳಕಿಗೆ ದಾರಿ ಮಾಡಬೇಕು, ಪಾಚಿಯನ್ನು ಮೃದುವಾಗಿ ತೆಗೆಯಬೇಕು, ಕೆಟ್ಟ ಹೆಂಚನ್ನಷ್ಟೇ ಬದಲಿಸಬೇಕು. ಬೇಗ ಮುಗಿಯಲೆಂದು ಯಂತ್ರದಿಂದ ರಭಸವಾಗಿ ನೀರು ಹಾಯಿಸಿದರೆ ಪಾಚಿಯ ಜತೆಗೆ ಮರದ ನಾರೂ ಕಿತ್ತುಬರುತ್ತದೆ. ಚಾವಣಿ ಅಂದು ಹೊಸದರಂತೆ ಹೊಳೆಯುತ್ತದೆ, ಆದರೆ ಆಯುಷ್ಯ ಕಡಿಮೆಯಾಗುತ್ತದೆ.

ಕಲ್ಲಿನ ಕಟ್ಟಡವನ್ನು ಕಟ್ಟಿ ಮರೆತರೂ ಅದು ಸ್ವಲ್ಪ ಕಾಲ ಸಹಿಸುತ್ತದೆ. ಮರದ ಕಟ್ಟಡ ಮರೆವನ್ನು ಸಹಿಸದು. ಬೋರ್ಗುಂಡಿನ ಚಾವಣಿಯಲ್ಲಿ ಉಳಿದುಬಂದದ್ದು ಮೊದಲ ದಿನ ಹೊದಿಸಿದ ಹೆಂಚಲ್ಲ. ತಲೆಮಾರಿನಿಂದ ತಲೆಮಾರಿಗೆ ಬೇಸಿಗೆಯಲ್ಲಿ ಟಾರಿನ ಪಾತ್ರೆ ಹಿಡಿದು ಏಣಿ ಹತ್ತಿದವರ ರೂಢಿ. ಅದು ತಪ್ಪಿದಲ್ಲೆಲ್ಲ ಮಳೆಯೇ ಗೆದ್ದಿದೆ.