ಕಿವಿಯಿಂದ ಕ್ಲಿಕ್ಕಿಗೆ

ಎಂಟು ಗೇರಿನ ರೋಡ್ ಬೈಕ್ ಕೊಂಡು ಒಂದು ವರ್ಷ ಓಡಿಸಿದವರಲ್ಲಿ ಅನೇಕರು ಅಂಗಡಿಗೆ ಬಂದು ಒಂದು ಪ್ರಶ್ನೆ ಕೇಳುತ್ತಾರೆ: ಹಿಂದಿನ ಡಿರೇಲರ್ ತೆಗೆದು ಶಿಮಾನೊ 105 ಹಾಕಿಕೊಡ್ತೀರಾ? ಹಿಂದಿನ ಚಕ್ರದ ಪಕ್ಕದಲ್ಲಿ ತೂಗುತ್ತ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಸಾಧನವೇ ಡಿರೇಲರ್. ಅದನ್ನು ಹಾಕಿದರೆ ಶಿಫ್ಟರ್ ಬದಲಿಸಬೇಕು, ಶಿಫ್ಟರ್ ಬದಲಿಸಿದರೆ ಹಲ್ಲುಚಕ್ರಗಳ ಕ್ಯಾಸೆಟ್, ಅದರ ಹಿಂದೆ ಚೈನು, ಕೊನೆಗೆ ಹಿಂದಿನ ಚಕ್ರವೂ ಬೇರೆ ಬೇಕಾದೀತು ಎಂದು ಅಂಗಡಿಯವರು ಹೇಳುತ್ತಾರೆ. ಕೇಳಿದವರಿಗೆ ಇದು ವ್ಯಾಪಾರದ ಮಾತು ಅನ್ನಿಸುವುದು ಸಹಜ. ಒಂದು ಕಂಪನಿಯ ಸೈಕಲ್ಲಿಗೆ ಇನ್ನೊಂದರ ಪೆಡಲ್, ಮತ್ತೊಂದರ ರಿಮ್ ಹಾಕಿ ಕಳಿಸುವ ಸೈಕಲ್ ಶಾಪುಗಳನ್ನು ನೋಡಿ ಬೆಳೆದವರು ನಾವು. ಆದರೆ ಅಂಗಡಿಯವರು ಹೇಳುತ್ತಿರುವುದು ನಿಜ. ಸೈಕಲ್ಲಿನ ಬಿಡಿಭಾಗಗಳು ಹೀಗೆ ಒಂದಕ್ಕೊಂದು ಕಟ್ಟುಬಿದ್ದದ್ದು ತೀರ ಈಚೆಗೆ. ಆ ಕತೆ ಫ್ರಾನ್ಸಿನಲ್ಲಿ ಒಂದು ಜಗಳದಿಂದ ಶುರುವಾಗುತ್ತದೆ.

1903ರಲ್ಲಿ ಟೂರ್ ದ ಫ್ರಾನ್ಸ್ ಆರಂಭಿಸಿದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್‌ಗೆ ಗೇರು ಎಂದರೆ ಆಗುತ್ತಿರಲಿಲ್ಲ. ಗೇರು ವಯಸ್ಸಾದವರಿಗೆ, ಗೆಲ್ಲಬೇಕಾದದ್ದು ಸ್ನಾಯು ಎಂಬುದು ಆತನ ವಾದ. ಹಾಗಾಗಿ ಆಲ್ಪ್ಸ್ ಬೆಟ್ಟದ ಬುಡಕ್ಕೆ ಬಂದ ಸವಾರ ಇಳಿದು, ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನೇ ಹೊರತೆಗೆದು ತಿರುಗಿಸಿ ಹಾಕಬೇಕಿತ್ತು. ಹಬ್ಬಿನ ಒಂದು ಬದಿಗೆ ಸಣ್ಣ ಹಲ್ಲುಚಕ್ರ, ಇನ್ನೊಂದು ಬದಿಗೆ ದೊಡ್ಡದು. ಅತ್ತ ಸೇಂತ್ ಎತಿಯೆನ್ ಊರಿನಲ್ಲಿ ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪಾಲ್ ದ ವಿವಿ ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ಗೇರುಗಳ ಪರ ವಾದಿಸುತ್ತಿದ್ದ. ಬೆಟ್ಟದ ಊರಿನ ಪ್ರವಾಸಿ ಸವಾರರು ಹಲವು ಗೇರು ಹಾಕಿಕೊಂಡು ಆರಾಮವಾಗಿ ಹತ್ತುತ್ತಿದ್ದ ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ರೇಸಿನ ಸವಾರರು ರಸ್ತೆ ಬದಿಯಲ್ಲಿ ಕೂತು ಚಕ್ರ ತಿರುಗಿಸುತ್ತಿದ್ದರು. ವೆಲೊಸಿಯೊ 1930ರಲ್ಲಿ ತೀರಿಕೊಂಡ. ಟೂರ್‌ನಲ್ಲಿ ಡಿರೇಲರ್‌ಗೆ ಅನುಮತಿ ಸಿಕ್ಕದ್ದು 1937ರಲ್ಲಿ. ಆ ವರ್ಷ ಗೆದ್ದ ರೊಜೆ ಲಾಪೆಬಿಯ ಬೈಕಿನಲ್ಲಿ ಡಿರೇಲರ್ ಇತ್ತು.

ಅನುಕೂಲ ಎಂಬುದು ದುರ್ಬಲರಿಗೆ ಎಂಬ ಈ ಗರ್ವ ಮುಂದೆಯೂ ಬರುತ್ತದೆ, ನೆನಪಿರಲಿ.

ಎರಡನೆಯ ಮಹಾಯುದ್ಧದ ನಂತರ ಇಟಲಿಯ ಕಂಪಾಗ್ನೋಲೊ ತಂದ ಗ್ರಾನ್ ಸ್ಪೋರ್ಟ್ ಡಿರೇಲರ್ ಇಂದಿನ ರೂಪಕ್ಕೆ ಹತ್ತಿರದ್ದು. ನಾಲ್ಕು ಕೀಲುಗಳ ಚೌಕಟ್ಟು, ಎಳೆಯಲು ಒಂದು ಕೇಬಲ್, ಫ್ರೇಮಿನ ಕೆಳಕೊಳವೆಯ ಮೇಲೆ ಒಂದು ಸಣ್ಣ ಲೀವರ್. ಲೀವರಿಗೆ ಹಂತಗಳಿರಲಿಲ್ಲ. ನಿಲ್ಲಿಸಿದ ಜಾಗದಲ್ಲಿ ಘರ್ಷಣೆಯ ಬಲದಿಂದ ನಿಲ್ಲುತ್ತಿತ್ತು, ಅಷ್ಟೆ. ಎಷ್ಟು ಎಳೆಯಬೇಕೆಂದು ತಿಳಿಯುವುದು ಸವಾರನ ಬೆರಳು, ಸರಿಯಾಯಿತೇ ಎಂದು ಹೇಳುವುದು ಕಿವಿ. ಚೈನು ಪಕ್ಕದ ಹಲ್ಲಿಗೆ ಉಜ್ಜಿ ಗರಗರ ಎಂದರೆ ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಬೇಕು. ಪಿಟೀಲಿನಲ್ಲಿ ಸ್ವರಸ್ಥಾನ ಹುಡುಕಿದ ಹಾಗೆ.

ಈ ಕಷ್ಟದೊಳಗೆ ಒಂದು ಸ್ವಾತಂತ್ರ್ಯವಿತ್ತು. ಅಳತೆ ಸವಾರನ ಕೈಯಲ್ಲಿದ್ದ ಕಾರಣ ಯಾವ ಕಂಪನಿಯ ಲೀವರ್ ಯಾವ ಕಂಪನಿಯ ಡಿರೇಲರನ್ನಾದರೂ ಎಳೆಯುತ್ತಿತ್ತು. ಇದರ ಅತ್ಯುತ್ತಮ ಉದಾಹರಣೆ 1970ರ ದಶಕದ ಆರಂಭದ ಅಮೆರಿಕ. ಅಲ್ಲಿ ಸೈಕಲ್ ಹುಚ್ಚು ಎಷ್ಟು ಏರಿತ್ತೆಂದರೆ 1973ರ ಒಂದೇ ವರ್ಷದಲ್ಲಿ ಸುಮಾರು 1.5 ಕೋಟಿ ಸೈಕಲ್ಲುಗಳು ಮಾರಾಟವಾದವು. ಆ ಕಾಲದ ಹೆಸರಾಂತ ಮೊದಲ ಮೆಟ್ಟಿಲ ಬೈಕು ಪೆಜೊ ಕಂಪನಿಯ ಯುಒ-8. ಅದರ ಫ್ರೇಮು ಚೆನ್ನಾಗಿತ್ತು. ಸಿಂಪ್ಲೆಕ್ಸ್ ಡಿರೇಲರ್ ಮಾತ್ರ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನದು, ಹಳತಾದಂತೆ ಸೀಳು ಬಿಡುತ್ತಿತ್ತು. ಜನ ಅದನ್ನು ಕಿತ್ತು ಜಪಾನಿನ ಸನ್‌ಟೂರ್ ಡಿರೇಲರ್ ಹಾಕಿಕೊಂಡರು. ಲೀವರು, ಚೈನು, ಹಿಂದಿನ ಹಲ್ಲುಚಕ್ರಗಳು ಎಲ್ಲ ಹಳೆಯವೇ. ಗೇರು ಮಾತ್ರ ದಿಢೀರನೆ ಹೇಳಿದ ಮಾತು ಕೇಳತೊಡಗಿತು.

ಆ ಕಾಲವನ್ನು ಸುವರ್ಣಯುಗ ಎಂದು ಕರೆಯಲು ಹೊರಟರೆ ಫ್ರೆಂಚ್ ಬೈಕು ರಿಪೇರಿ ಮಾಡಿದವರು ನಕ್ಕಾರು. ಫ್ರೆಂಚರ ತಿರುಪು ಮರೆಗಳು ಬ್ರಿಟಿಷರವಕ್ಕೆ ಕೂಡುತ್ತಿರಲಿಲ್ಲ, ಪೆಡಲ್ ಬದಲಿಸಲೂ ಪರದಾಟ. ಸನ್‌ಟೂರ್ ಹಾಕಲು ಎಷ್ಟೋ ಬಾರಿ ಫ್ರೇಮಿನ ತೂತಿಗೆ ಹೊಸದಾಗಿ ಮರೆ ಕೊರೆಯಬೇಕಿತ್ತು. ಆದರೆ ಅವು ಅರ, ಟ್ಯಾಪು ಇದ್ದವನು ಒಂದು ಮಧ್ಯಾಹ್ನದಲ್ಲಿ ಬಗೆಹರಿಸಬಹುದಾದ ತೊಂದರೆಗಳು.

ಸನ್‌ಟೂರ್ ಅಷ್ಟು ಚೆನ್ನಾಗಿ ಕೆಲಸ ಮಾಡಲು ಕಾರಣ 1964ರಲ್ಲಿ ಆ ಕಂಪನಿ ಕಂಡುಕೊಂಡ ಒಂದು ಓರೆ. ಡಿರೇಲರಿನ ಚೌಕಟ್ಟನ್ನು ನೇರವಾಗಿಡದೆ ವಾಲಿಸಿದ್ದರಿಂದ ಅದು ಹಲ್ಲುಚಕ್ರಗಳ ಇಳಿಜಾರಿನ ಜೊತೆಗೇ ಚಲಿಸುತ್ತ, ಎಲ್ಲ ಗೇರಿನಲ್ಲೂ ಹಲ್ಲಿಗೆ ಸುಮಾರು ಒಂದೇ ದೂರದಲ್ಲಿ ಇರುತ್ತಿತ್ತು. ಪೇಟೆಂಟ್ ಇದ್ದದ್ದರಿಂದ ಉಳಿದವರು ಮುಟ್ಟುವಂತಿರಲಿಲ್ಲ. ಆ ಪೇಟೆಂಟ್ 1984ರಲ್ಲಿ ಮುಗಿಯಿತು. ಅದೇ ವರ್ಷ ಶಿಮಾನೊ ತನ್ನ ಹೊಸ ಡ್ಯೂರಾ-ಏಸ್ ಸರಣಿಯಲ್ಲಿ ಆ ಓರೆಯನ್ನು ಬಳಸಿತು, ಜೊತೆಗೆ ಲೀವರಿಗೆ ಕ್ಲಿಕ್ಕುಗಳನ್ನು ಸೇರಿಸಿತು. ಒಂದು ಕ್ಲಿಕ್ಕಿಗೆ ಒಂದು ಗೇರು.

ಕ್ಲಿಕ್ಕು ಹೊಸ ಕಲ್ಪನೆಯೇನಲ್ಲ. 1970ರ ದಶಕದಲ್ಲಿ ಪಾಸಿಟ್ರಾನ್ ಎಂಬ ಹೆಸರಿನಲ್ಲಿ ಶಿಮಾನೊ ಅದನ್ನು ಅಗ್ಗದ ಸೈಕಲ್ಲುಗಳಿಗೆ ತಂದಿತ್ತು. ಕಲಿಯುವವರ ಆಟಿಕೆ ಎಂದು ಪಳಗಿದವರು ಮೂಗು ಮುರಿದರು. ದೆಗ್ರಾಂಜ್‌ನ ಗರ್ವ ಇನ್ನೂ ಸತ್ತಿರಲಿಲ್ಲ. ಎರಡನೆಯ ಬಾರಿ ಶಿಮಾನೊ ಅತ್ಯಂತ ದುಬಾರಿ ರೇಸಿಂಗ್ ಸರಣಿಯಿಂದಲೇ ಶುರುಮಾಡಿತು. ಕೆಲವೇ ವರ್ಷಗಳಲ್ಲಿ ಕ್ಲಿಕ್ಕು 105ರವರೆಗೆ ಇಳಿದು ಬಂತು, ಯಾರೂ ನಗಲಿಲ್ಲ.

ಆದರೆ ಕ್ಲಿಕ್ಕು ಸರಿಯಾದ ಜಾಗಕ್ಕೆ ಬೀಳಬೇಕಾದರೆ ಲೀವರ್ ಎಳೆಯುವ ಕೇಬಲ್ಲಿನ ಉದ್ದ, ಡಿರೇಲರ್ ಅದನ್ನು ಹಿಗ್ಗಿಸುವ ಪ್ರಮಾಣ, ಹಲ್ಲುಚಕ್ರಗಳ ನಡುವಿನ ಅಂತರ, ಈ ಮೂರೂ ಒಂದೇ ಲೆಕ್ಕಕ್ಕೆ ಬರಬೇಕು. ಕಿವಿ ಮಾಡುತ್ತಿದ್ದ ಕೆಲಸವನ್ನು ಈಗ ಲೋಹದ ಅಳತೆ ವಹಿಸಿಕೊಂಡಿತು. ಬಿಡಿಬಿಡಿಯಾಗಿ ಒಳ್ಳೆಯ ಸಾಮಾನು ಮಾಡುತ್ತಿದ್ದ ಸನ್‌ಟೂರ್ ತನ್ನದೇ ಕ್ಲಿಕ್ಕು ತಂದಿತಾದರೂ ಹೊಸ ಆಟದಲ್ಲಿ ನಿಲ್ಲಲಾಗದೆ ದಶಕ ಮುಗಿಯುವ ಮುನ್ನವೇ ಕೈಬದಲಾಯಿತು. ತನ್ನದೇ ಓರೆ ಎದುರಾಳಿಯ ಕೈಯಲ್ಲಿ ಗೆದ್ದದ್ದನ್ನು ಅದು ನೋಡಬೇಕಾಯಿತು.

1984ರ ಆ ಲೀವರಿನಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಸಣ್ಣ ಉಂಗುರ. ಅದನ್ನು ತಿರುಗಿಸಿದರೆ ಕ್ಲಿಕ್ಕು ಮಾಯವಾಗಿ ಹಳೆಯ ಘರ್ಷಣೆಯ ಪದ್ಧತಿಗೆ ಮರಳಬಹುದಿತ್ತು. ಬಿದ್ದು ಡಿರೇಲರ್ ಬಾಗಿದರೆ, ಬೇರೆ ಕಂಪನಿಯ ಚಕ್ರ ಹಾಕಬೇಕಾಗಿ ಬಂದರೆ, ಉಂಗುರ ತಿರುಗಿಸಿ ಕಿವಿಯನ್ನು ನಂಬಿಕೊಂಡು ಮನೆ ಸೇರಬಹುದು. 1990ರಲ್ಲಿ ಗೇರಿನ ಲೀವರ್ ಬ್ರೇಕಿನ ಹಿಡಿಯೊಳಗೇ ಸೇರಿಕೊಂಡಿತು. ಹ್ಯಾಂಡಲ್‌ನಿಂದ ಕೈ ತೆಗೆಯದೆ ಗೇರು ಬದಲಿಸುವ ಸುಖ ಬಂತು, ಉಂಗುರ ಹೋಯಿತು.

ಅಂಗಡಿಯ ಲೆಕ್ಕಕ್ಕೆ ಬರೋಣ. ಶಿಮಾನೊದ ಎಂಟು ಗೇರಿನ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.8 ಮಿಲಿಮೀಟರ್ ಕೇಬಲ್ ಎಳೆಯುತ್ತದೆ. ಅದರ ಡಿರೇಲರ್ ಅದನ್ನು ಸುಮಾರು 1.7 ಪಟ್ಟು ಮಾಡಿ, ಹಲ್ಲುಚಕ್ರಗಳ ನಡುವಿನ 4.8 ಮಿಲಿಮೀಟರ್ ದಾಟಿಸುತ್ತದೆ. ಹನ್ನೊಂದು ಗೇರಿನ 105 ಡಿರೇಲರ್ ಹಿಗ್ಗಿಸುವುದು 1.4 ಪಟ್ಟು ಮಾತ್ರ. ಅದನ್ನು ಹಳೆಯ ಶಿಫ್ಟರಿಗೆ ಕಟ್ಟಿದರೆ ಪ್ರತಿ ಕ್ಲಿಕ್ಕಿಗೂ ಒಂದು ಮಿಲಿಮೀಟರಿನ ಹತ್ತಿರ ಕೊರೆ. ಎರಡನೆಯ ಕ್ಲಿಕ್ಕಿನ ಹೊತ್ತಿಗೆ ಚೈನು ಹಲ್ಲುಗಳ ನಡುವೆ ಎಲ್ಲೋ ಇರುತ್ತದೆ. ಶಿಫ್ಟರನ್ನೂ ಕ್ಯಾಸೆಟ್ಟನ್ನೂ ಬದಲಿಸಿದಿರಿ ಎನ್ನಿ. ಹನ್ನೊಂದರ ರೋಡ್ ಕ್ಯಾಸೆಟ್ಟಿಗೆ ಹಬ್ಬಿನ ಮೇಲೆ 1.85 ಮಿಲಿಮೀಟರ್ ಹೆಚ್ಚು ಜಾಗ ಬೇಕು. ಎಂಟರ ಕಾಲದ ಹಬ್ಬಿನಲ್ಲಿ ಅದಿಲ್ಲದಿದ್ದರೆ ಚಕ್ರವೂ ಹೋಯಿತು. ಹಳೆಯ ಹತ್ತು ಗೇರಿನ 105 ಡಿರೇಲರ್ ಎಲ್ಲಾದರೂ ಸಿಕ್ಕರೆ ಎಂಟರ ಶಿಫ್ಟರಿಗೆ ಹೊಂದುತ್ತದೆ, ನಿಜ. ಆದರೆ ಗೇರು ಎಂಟೇ ಉಳಿಯುತ್ತವೆ, ತೂಕ ಕೆಲವು ಗ್ರಾಂ ಇಳಿಯುತ್ತದೆ.

ಈ ಕಟ್ಟಿನ ಹೊರಗೆ ಉಳಿದ ಭಾಗಗಳೂ ಇವೆ: ಸೀಟು, ಹ್ಯಾಂಡಲ್ ಟೇಪು, ಬ್ರೇಕಿನ ರಬ್ಬರು, ಎಲ್ಲಕ್ಕಿಂತ ಮುಖ್ಯವಾಗಿ ಟೈರು. ಇಂದಿನ ರೋಡ್ ಬೈಕಿನ 700ಸಿ ಚಕ್ರದಲ್ಲಿ ಟೈರಿನ ಅಂಚು ಕೂರುವ ವ್ಯಾಸ 622 ಮಿಲಿಮೀಟರ್. ಯಾವ ಕಂಪನಿಯದಾದರೂ, ಗೇರು ಎಂಟಿರಲಿ ಹನ್ನೆರಡಿರಲಿ, ಅದು ಬದಲಾಗುವುದಿಲ್ಲ. ರೇಸಿನವರೇ 23 ಮಿಲಿಮೀಟರ್ ಅಗಲದಿಂದ 28ಕ್ಕೆ ಬಂದಿದ್ದಾರೆ. ಫ್ರೇಮಿನಲ್ಲೂ ಬ್ರೇಕಿನಲ್ಲೂ ಜಾಗವಿದ್ದರೆ, ಬೈಕಿನ ಜೊತೆ ಬಂದ ಒರಟು ಟೈರು ತೆಗೆದು ಮೆತ್ತಗಿನ 28 ಹಾಕಿಸಿಕೊಂಡು ಅಂಗಡಿಯಿಂದ ಹೊರಡಲು ಅರ್ಧ ಗಂಟೆ ಸಾಕು.