ಮಗು ನಡೆಯಲು ತಡವಾದರೆ ಎಷ್ಟು ದಿನ ಕಾಯಬಹುದು?

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಮಕ್ಕಳೂ ಸೇರಿದ್ದರು. ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆದದ್ದು ಸುಮಾರು 8ರಿಂದ 18 ತಿಂಗಳ ನಡುವೆ. ಹಾಗಾಗಿ 14 ತಿಂಗಳಿಗೇ ಪಕ್ಕದ ಮನೆಯ ಕೂಸಿಗೆ ಹೋಲಿಸಿ ಗಾಬರಿಯಾಗಬೇಕಿಲ್ಲ. 18 ತಿಂಗಳು ತುಂಬಿದರೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ, ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಲೆಕ್ಕ ಹಾಕಬೇಕು.

"ಇದರಪ್ಪನೂ ತಡವಾಗಿಯೇ ನಡೆದ" ಎಂದು ಅಜ್ಜಿ ಹೇಳುವುದು ನಿಜವಿರಬಹುದು. ಅಂಬೆಗಾಲಿಡದೆ ಕುಳಿತಲ್ಲೇ ಜರುಗುವ ಮಕ್ಕಳು ತಡವಾಗಿ ನಡೆಯುವುದುಂಟು, ಅದು ವಂಶದಲ್ಲಿ ಬರುವುದೂ ಉಂಟು. ಆದರೂ ಒಮ್ಮೆ ತೋರಿಸಿಯೇ ನೆಮ್ಮದಿ ಪಡೆಯಿರಿ.

ಕೆಲವು ಮಕ್ಕಳ ವಿಷಯದಲ್ಲಿ 18 ತಿಂಗಳವರೆಗೂ ಕಾಯಬಾರದು. 9 ತಿಂಗಳಾದರೂ ತಾನಾಗಿ ಕೂರದಿದ್ದರೆ, ಕಾಲುಗಳು ಬಿಗಿದು ಕತ್ತರಿಯಂತೆ ಹೆಣೆದುಕೊಂಡರೆ, ಮೈ ಜೋತುಬಿದ್ದಂತಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಒಂದು ಕಾಲು ಗಿಡ್ಡವೆನಿಸಿದರೆ ಕೂಡಲೇ ಹೋಗಿ. ಕಲಿತದ್ದನ್ನು ಮರೆಯುತ್ತಿದ್ದರಂತೂ ಒಂದು ದಿನವೂ ತಡ ಬೇಡ. ಸೊಂಟದ ಕೀಲು ಜಾರಿರಬಹುದು, ಡಿ ಜೀವಸತ್ವ ಅಥವಾ ಥೈರಾಯ್ಡ್ ಕೊರತೆ ಇರಬಹುದು, ಸ್ನಾಯು ಇಲ್ಲವೇ ಮೆದುಳಿನ ತೊಂದರೆಯೂ ಆಗಿರಬಹುದು. ಕೊರತೆಗಳಿಗೆ ಔಷಧವಿದೆ. ಮೆದುಳಿನ ತೊಂದರೆಗೆ ಫಿಸಿಯೋಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು.

ಎಣ್ಣೆ ತಿಕ್ಕಿ, ಹಾನಿಯಿಲ್ಲ. ಆದರೆ ಅದು ಚಿಕಿತ್ಸೆಯಲ್ಲ. ಸಂತೆಯಿಂದ ವಾಕರ್ ಮಾತ್ರ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳುವ ಭಯ ಬೇರೆ.

ಮೊದಲು ಅಂಗನವಾಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಉಚಿತ. ಹೋಗುವಾಗ ತಾಯಿ ಕಾರ್ಡು ಒಯ್ಯಿರಿ. ಜತ್ತ, ಅಕ್ಕಲಕೋಟೆ ಕಡೆಯವರಿಗೆ ಮರಾಠಿಯಲ್ಲಿ ವಿವರಿಸುವುದು ಕಷ್ಟವೆನಿಸಿದರೆ, ಮಗು ಏಳಲು ಯತ್ನಿಸುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ತೋರಿಸಬಹುದು.